ಕರಿ ಕವರು

ಆ ಬೀದಿಯಲ್ಲಿ ಬೆಳಿಗ್ಗೆ ನಾಯಿ ತಿರುಗಾಡಿಸುವಾಗ ಕೈಯಲ್ಲೊಂದು ಕರಿ ಕವರು ಹಿಡಿದು ಹೋಗುವವರು ರಿಟೈರಾದ ಮೇಷ್ಟ್ರು ಒಬ್ಬರೇ. ನಾಯಿ ಮಾಡಿದ್ದನ್ನು ತಾವೇ ಎತ್ತುವ ಮನುಷ್ಯ ಎಂದು ಬೀದಿಗೆಲ್ಲ ಹೆಸರು. ನಿಜ ಹೇಳಬೇಕೆಂದರೆ, ನಾಯಿಯ ಕೆಲಸ ಹಿಂದಿನ ಖಾಲಿ ಸೈಟಿನಲ್ಲೇ ಮುಗಿದಿರುತ್ತಿತ್ತು. ಆಗ ಮೇಷ್ಟ್ರು ಆಕಾಶ ನೋಡುತ್ತಿದ್ದರು. ಕವರಿನಲ್ಲಿ ಇರುತ್ತಿದ್ದದ್ದು ಕಂಡವರ ಕಾಂಪೌಂಡಿನಿಂದ ದೇವರ ಪೂಜೆಗೆಂದು ಕಿತ್ತ ಹೂವು. ನಾಯಿಯ ಕವರನ್ನು ಬಿಚ್ಚಿ ತೋರಿಸಿ ಎಂದು ಯಾರೂ ಕೇಳುವುದಿಲ್ಲವಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿದ ತಲೆಗೆ ಹೊಳೆದದ್ದು ಇಷ್ಟು.

ಅಂದು ಮೂಲೆಮನೆಯ ದಾಸವಾಳ ಕಿತ್ತು ಮುಗಿಸುವಷ್ಟರಲ್ಲಿ ನಾಯಿ ಅದೇ ಗೇಟಿನ ಮುಂದೆ ಕೂತು ತನ್ನ ಕೆಲಸ ಮುಗಿಸಿತು. ಗೇಟು ತೆರೆದುಕೊಂಡು ಮನೆಯಾಕೆಯೂ ಬಂದರು.

"ನಮ್ಮನೆ ಹೂವು ದಿನಾ ಯಾರೋ ಕಿತ್ಕೊಂಡು ಹೋಗ್ತಾರೆ ಮೇಷ್ಟ್ರೇ. ನೀವೇನಾದ್ರೂ ಕಂಡ್ರಾ?"

"ಇಲ್ಲಮ್ಮ. ನಾನು ನೆಲ ನೋಡ್ಕೊಂಡು ನಡೆಯೋನು."

"ಕವರು ಆಗ್ಲೇ ತುಂಬಿದ ಹಾಗಿದೆ?"

"ನಾಯೀದು. ಇವತ್ತು ಸ್ವಲ್ಪ ಜಾಸ್ತಿ."

"ಹಾಗಿದ್ರೆ ಇದನ್ನೂ ಅದಕ್ಕೇ ಹಾಕ್ಕೊಂಡ್ಬಿಡಿ."

ಆಕೆ ಅಲ್ಲಿಂದ ಕದಲಲಿಲ್ಲ. ಮೇಷ್ಟ್ರು ಬಗ್ಗಿ, ಎರಡು ಒಣ ಎಲೆಯಲ್ಲಿ ಅದನ್ನು ಎತ್ತಿ, ಕವರಿನ ಬಾಯಿ ಬೇಕಾದಷ್ಟೇ ತೆರೆದು, ಹತ್ತು ಕೆಂಪು ದಾಸವಾಳದ ಮೇಲೆ ಹಾಕಿದರು. ದೇವರ ಕ್ಷಮೆ ಕೇಳುತ್ತಾ ಗಂಟು ಬಿಗಿದರು.

"ಅಲ್ಲೇ ನಲ್ಲಿ ಇದೆ, ಕೈ ತೊಳ್ಕೊಂಡು ಬನ್ನಿ," ಎಂದರು ಆಕೆ. "ಪೂಜೆಗೆ ಬೇರೆ ಹೂವು ಕೊಡ್ತೀನಿ."