ಮಧ್ಯಾಹ್ನದ ಗೊರಕೆ

ಬೀದಿ ಕೊನೆಯ ಬೇಕರಿಯಲ್ಲಿ ದಿಲ್‌ಪಸಂದ್ ಒಂದು ತುಂಡಿಗೆ ಮೂವತ್ತು ರೂಪಾಯಿ, ಕಾಫಿಗೆ ಹದಿನೈದು. ನಲವತ್ತೊಂಬತ್ತು ವರ್ಷದ ವನಮಾಲಾಗೆ ಆ ದುಡ್ಡು ಭಾರವಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ಒಂಟಿಯಾಗಿ ಬಿಟ್ಟು ಬಂದ ಅರ್ಧ ಗಂಟೆಯೇ ಭಾರ. ಆದರೆ ಹೋಗದ ದಿನ ಸಂಜೆಯವರೆಗೂ ಅವಳಿಗೆ ಸಿಡಿಮಿಡಿ. ಹಾಗಾಗಿ ಮಧ್ಯಾಹ್ನ ಅತ್ತೆಯ ಗೊರಕೆ ಶುರುವಾದರೆ ಸಾಕು, ಕಾಲು ತಾನಾಗಿ ಬೇಕರಿಯ ಕಡೆ ಹೊರಡುತ್ತಿತ್ತು.

ಒಂದು ದಿನ ಮನಸ್ಸು ತಡೆಯದೆ ಒಂದು ತುಂಡು ಕಟ್ಟಿಸಿಕೊಂಡು ಬಂದು ಅತ್ತೆಯ ಕೈಗಿಟ್ಟಳು.

“ತಪ್ಪಾಯ್ತು ಅತ್ತೆ. ನೀವು ಮಲಗಿದ ಮೇಲೆ ದಿನಾ ಬೇಕರೀಲಿ ಕೂತು ಬರ್ತಿದ್ದೆ. ನಿಮಗೇನಾದ್ರೂ ಆಗಿದ್ರೆ? ನಾಳೆಯಿಂದ ಹೋಗಲ್ಲ.”

ಅತ್ತೆ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು.

“ನೀನು ಹೋಗ್ದೆ ಇದ್ರೆ, ನಿದ್ದೇನೇ ಬರದ ನಾನು ದಿನಾ ಗೊರಕೆ ಹೊಡೆಯೋದು ಯಾರಿಗೋಸ್ಕರ ಹೇಳು?”