ಹಿಂದೆ ಅಡಚಣೆ ಇದೆ

"ಹಿಂದೆ ಅಡಚಣೆ ಇದೆ! ಹಿಂದೆ ಅಡಚಣೆ ಇದೆ!" ಎಂದು ಹೊಸ ಕ್ಯಾರವಾನಿನೊಳಗಿನ ಯಂತ್ರದ ಹೆಣ್ಣುದನಿ ಬೊಬ್ಬೆ ಹೊಡೆಯಿತು. ವರ್ಲನ್ ಟ್ಯಾಕೆಟ್ ಬ್ರೇಕ್ ತುಳಿದು ಎದುರಿನ ಪರದೆ ನೋಡಿದ. ಅಡಚಣೆ ಬೇರಾರೂ ಅಲ್ಲ, ಅವನ ಹೆಂಡತಿ ಒಲೀಟಾ. ಎರಡೂ ಕೈ ಎತ್ತಿ, ನಿಲ್ಲಿಸು ನಿಲ್ಲಿಸು ಎಂದು ಬೀಸುತ್ತಿದ್ದಳು.

"ಕಂಬಕ್ಕೆ ಗುದ್ದತಿದ್ದೆ ಮಾರಾಯ!"

"ನೀನು ಅತ್ಲಾಗೆ ಸರಿ. ನೋಡ್ಕೊಳ್ಳೋಕೆ ಅಂತ್ಲೇ ಕ್ಯಾಮೆರಾ ಇಟ್ಟಿದಾರೆ," ಎಂದು ವರ್ಲನ್ ಕಿಟಕಿಯಿಂದ ಗದರಿದ. ಪಶ್ಚಿಮ ಟೆಕ್ಸಸ್ಸಿನ ಆ ಬೀದಿಗೆ ಇದೇನೂ ಹೊಸದಲ್ಲ. ಕ್ಯಾರವಾನ್ ಇಟ್ಟುಕೊಂಡ ಯಾವ ಗಂಡ ಹೆಂಡತಿಯೂ ಗಾಡಿ ಹಿಂದಕ್ಕೆ ತೆಗೆಯುವಾಗ ಜಗಳವಾಡದೆ ಇದ್ದದ್ದಿಲ್ಲ.

ನಾಳೆ ಹೊರಡಬೇಕು. ಮರುಭೂಮಿಯ ನಟ್ಟನಡುವೆ ಎದ್ದ ಪರ್ವತಗಳ ರಾಷ್ಟ್ರೀಯ ಉದ್ಯಾನಕ್ಕೆ. ಆ ಪರ್ವತಗಳ ಮಡಿಲಲ್ಲಿ ಬೋಗುಣಿ ಎಂದು ಕರೆಯುವ ಒಂದು ತಗ್ಗಿದೆ. ಮದುವೆಯಾದ ಹೊಸದರಲ್ಲಿ ಇಬ್ಬರೂ ಅಲ್ಲಿ ಟೆಂಟು ಹಾಕಿ ಮಲಗಿದ್ದರು. ಒಲೀಟಾಳ ಕಣ್ಣಿಗೆ ಈಗ ಮಂದ ಬೆಳಕು ಕಾಣುವುದು ಕಡಿಮೆಯಾಗುತ್ತಿದೆ. ಮುಂದಿನ ಚಳಿಗಾಲದ ಹೊತ್ತಿಗೆ ನಕ್ಷತ್ರ ಕಾಣಲಿಕ್ಕಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅದಕ್ಕೇ ಅವಳು ಆರು ತಿಂಗಳ ಹಿಂದೆಯೇ, ಬುಕಿಂಗ್ ತೆರೆಯುವ ಹೊತ್ತಿಗೆ ಕಂಪ್ಯೂಟರಿನ ಮುಂದೆ ಕಾದು ಕೂತು, ಬೋಗುಣಿಯಲ್ಲಿ ಅಮಾವಾಸ್ಯೆಯ ಎರಡು ರಾತ್ರಿ ಹಿಡಿದಿದ್ದಳು.

ವರ್ಲನ್ ಕೂಡ ಆರು ತಿಂಗಳು ಸುಮ್ಮನೆ ಕೂತವನಲ್ಲ. ಐಸ್ ಮಾಡುವ ಯಂತ್ರ ಬಂತು, ಎರಡು ಟಿವಿ ಬಂತು, ತಾನಾಗಿಯೇ ಬಿಚ್ಚಿಕೊಳ್ಳುವ ಚಪ್ಪರ ಬಂತು. ಇಷ್ಟೆಲ್ಲ ಹಳೆಯ ಪುಟ್ಟ ವ್ಯಾನಿನಲ್ಲಿ ಹಿಡಿಸಬೇಕಲ್ಲ! ಹೋದ ವಾರ ಹೆಂಡತಿಗೆ ಒಂದು ಮಾತೂ ಹೇಳದೆ ವ್ಯಾನನ್ನು ಗಾಡಿ ಅಂಗಡಿಯವನಿಗೆ ಒಪ್ಪಿಸಿ, ಬಸ್ಸಿನಷ್ಟು ಉದ್ದದ ಈ ಕ್ಯಾರವಾನ್ ತಂದು ಬಾಗಿಲಲ್ಲಿ ನಿಲ್ಲಿಸಿದ್ದ. ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ. ಪೇಟೆಗೆ ಹೋಗಿ ಹಾಲು ತರಲಿಕ್ಕೂ ಅದು ತಿರುಗುವುದಿಲ್ಲ. ಹಾಗಾಗಿ ಇಲ್ಲಿ ಎಲ್ಲರೂ ಮಾಡುವ ಹಾಗೆ ಒಲೀಟಾಳ ಸಣ್ಣ ಕಾರನ್ನು ಅದರ ಬಾಲಕ್ಕೆ ಕಟ್ಟಿ ಎಳೆದೊಯ್ಯುವುದೆಂದು ತೀರ್ಮಾನವಾಯಿತು.

ಮಧ್ಯಾಹ್ನ ಅವನು ಉದ್ಯಾನದ ಕಚೇರಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದ. ಎರಡು ಏಸಿ ಒಟ್ಟಿಗೆ ಓಡುವಷ್ಟು ಕರೆಂಟು ಬೋಗುಣಿಯಲ್ಲಿದೆಯೋ ಇಲ್ಲವೋ ಕೇಳಬೇಕಿತ್ತು.

"ಬೋಗುಣೀಲಿ ಕರೆಂಟೇ ಇಲ್ಲ ಸಾರ್," ಎಂದಳು ಕಚೇರಿಯ ಹುಡುಗಿ. "ನಿಮ್ಮ ಗಾಡಿ ಎಷ್ಟು ಉದ್ದ?"

"ಮೂವತ್ತಾರು ಅಡಿ!" ವರ್ಲನ್ ಮಗನ ರ್‍ಯಾಂಕ್ ಹೇಳುವವನ ಹಾಗೆ ಹೇಳಿದ.

"ಅಯ್ಯೋ, ಅದು ಮೇಲೆ ಬರಂಗಿಲ್ಲ ಸಾರ್. ತಿರುವಲ್ಲಿ ಸಿಕ್ಕಾಕ್ಕೊಳತ್ತೆ. ಕೆಳಗೆ ಪೆಟ್ರೋಲ್ ಬಂಕಿನ ಹಿಂದೆ ಜಾಗ ಕೊಡ್ತೀನಿ. ಕರೆಂಟು, ನೀರು, ಎಲ್ಲಾ ಇದೆ."

"ಅಲ್ಲಿ ಕತ್ತಲು ಇರತ್ತಾ ಅಮ್ಮಣ್ಣಿ?" ಒಲೀಟಾ ಫೋನಿನತ್ತ ಬಗ್ಗಿ ಕೇಳಿದಳು.

"ಕತ್ತಲಾ? ಬಂಕಿನ ದೀಪ ರಾತ್ರಿಯೆಲ್ಲ ಉರೀತಿರತ್ತೆ. ಹೆದರ್ಕೋಬೇಡಿ."

ಫೋನು ಇಟ್ಟ ಮೇಲೆ ಒಲೀಟಾ ಎದ್ದು ಹೊರಟಳು. ವರ್ಲನ್‌ಗೆ ಕಸಿವಿಸಿಯಾಯಿತು. ಆದರೂ ಅವನ ಹತ್ತಿರ ಒಂದು ಬ್ರಹ್ಮಾಸ್ತ್ರವಿತ್ತು. ಅವಳ ಕೈ ಹಿಡಿದು ಕ್ಯಾರವಾನಿನ ಮಲಗುವ ಕೋಣೆಗೆ ಕರೆದೊಯ್ದು, ಪರದೆ ಎಳೆದು, ರಿಮೋಟ್ ಒತ್ತಿದ. ಚಾವಣಿಯ ತುಂಬ ಪುಟ್ಟ ದೀಪಗಳು ಮಿನುಗಿದವು.

"ನಿನಗೋಸ್ಕರಾನೇ ಹಾಕ್ಸಿದ್ದು ಕಣೇ. ಮೋಡದ ಕಾಟ ಇಲ್ಲ, ಚಳಿ ಇಲ್ಲ. ಬೇಕಾದ್ರೆ ನೀಲಿ ಮಾಡ್ಬೋದು, ಹಸಿರು ಮಾಡ್ಬೋದು. ನೋಡು, ನೋಡು, ಹೆಂಗಿದೆ?"

ಅವಳು ಚಾವಣಿ ನೋಡಿದಳು. ಆಮೇಲೆ ಅವನ ಮುಖ ನೋಡಿದಳು. "ಕಣ್ಣು ಹೋಗ್ತಿರೋದು ನನ್ನದು ಅಂದ್ಕೊಂಡಿದ್ದೆ," ಎಂದು ಇಳಿದು ಹೋದಳು. ಇಷ್ಟೆಲ್ಲ ಮಾಡಿದರೂ ಈ ಹೆಂಗಸಿಗೆ ತೃಪ್ತಿಯಿಲ್ಲವಲ್ಲ ಎಂದು ವರ್ಲನ್‌ಗೆ ಸಿಟ್ಟು ಬಂತು.

ಬೆಳಿಗ್ಗೆ ಬೀದಿಯ ಅಂಚಿನಲ್ಲಿ ಕ್ಯಾರವಾನ್ ಸಜ್ಜಾಗಿ ನಿಂತಿತ್ತು, ಬಾಲದಲ್ಲಿ ಕಾರು. ವರ್ಲನ್ ಚಾಲಕನ ಸೀಟಿನಲ್ಲಿ ಕೂತು, ಐಸ್ ಹಾಕಿದ ಕಾಫಿ ಹೀರುತ್ತ ಹೆಂಡತಿಗೆ ಕಾಯುತ್ತಿದ್ದ. ಹಿಂದೆ ಠಣ್ ಎಂದು ಕಬ್ಬಿಣ ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಒಲೀಟಾ ಕಿಟಕಿಯ ಕೆಳಗೆ ಬಂದಳು. ಕೈಗೆಲ್ಲ ಗ್ರೀಸು.

"ಕಾರು ಬಿಚ್ಚಿದೀನಿ. ಹಳೇ ಟೆಂಟು ಹಾಕ್ಕೊಂಡಿದೀನಿ. ಕತ್ತಲಾಗೋದರೊಳಗೆ ಬೋಗುಣಿ ಸೇರ್ಕೋಬೇಕು. ಟೆಂಟಲ್ಲಿ ಇಬ್ಬರಿಗೆ ಜಾಗ ಇದೆ ವರ್ಲನ್. ಬರ್ತೀಯಾ?"

ವರ್ಲನ್ ಕಾಫಿಯ ಲೋಟ ಕೆಳಗಿಟ್ಟ. ಹೂಂ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನೆಲಕ್ಕೆ ಬೆನ್ನು ತಾಗಿಸಿ ಎಷ್ಟು ವರ್ಷವಾಯಿತು!

"ಇದನ್ನ ಹಿಂಗೇ ಬಿಟ್ಟು ಹೋಗೋಕಾಗತ್ತಾ? ಐಸು ಕರಗಿ ಒಳಗೆಲ್ಲ ನೀರಾಗತ್ತೆ, ಕಾರ್ಪೆಟ್ ಹಾಳಾಗತ್ತೆ..."

ಒಲೀಟಾ ಅವನ ಮಾತು ಮುಗಿಯುವವರೆಗೂ ನಿಂತಿದ್ದಳು. ಆಮೇಲೆ ಕೈ ಒರೆಸಿಕೊಂಡು ಹೋದಳು.

ಕಾರು ಶುರುವಾದ ಸದ್ದು ಕೇಳಿದ್ದೇ ತಡ ವರ್ಲನ್, "ಏ ಒಲೀಟಾ, ನಿಲ್ಲೇ!" ಎಂದು ಕೂಗಿ ರಿವರ್ಸ್ ಗೇರ್ ಹಾಕಿದ. ಪರದೆ ಬೆಳಗಿತು. ಅದರಲ್ಲಿ ಸಣ್ಣ ಕಾರು ಬೀದಿಯಲ್ಲಿ ಸಲೀಸಾಗಿ ತಿರುಗಿಕೊಂಡು, ಮೂಲೆ ದಾಟಿ ಮರೆಯಾಯಿತು.

"ಹಿಂದೆ ಯಾವ ಅಡಚಣೆಯೂ ಇಲ್ಲ," ಎಂದಿತು ಯಂತ್ರದ ಹೆಣ್ಣುದನಿ. "ನಿಶ್ಚಿಂತೆಯಿಂದ ಚಲಿಸಿ."