ಒಂದು ತಿಂಗಳ ಇನ್ಶೂರೆನ್ಸ್

ನಮ್ಮ ಯಜಮಾನರು ತೀರಿಕೊಂಡ ಮೇಲೆ ಅವರ ಕಾರು ಶೆಡ್ಡಿನಲ್ಲೇ ನಿಂತಿತ್ತು. ಮಾರಿಬಿಡು ಎಂದು ಎಲ್ಲರೂ ಹೇಳಿದರೂ ನನಗೆ ಮನಸ್ಸು ಬಂದಿರಲಿಲ್ಲ. ಮಗಳು ಸಿಂಚನಳಿಗೆ ಲೈಸೆನ್ಸ್ ಬಂದ ದಿನ ಆ ಕಾರಿಗೇ ಜೀವ ಬಂದಂತಾಯಿತು.

"ಇನ್ನು ನಾನೇ ಓಡಿಸ್ತೀನಿ ಅಮ್ಮ. ಆದರೆ ಇನ್ಶೂರೆನ್ಸ್ ಮುಗಿದುಹೋಗಿದೆ."

"ವರ್ಷದ್ದು ಕಟ್ಟಿಬಿಡೋಣ ಪುಟ್ಟಿ."

"ಅಷ್ಟೊಂದು ದುಡ್ಡು ಯಾಕೆ? ಒಂದು ತಿಂಗಳದ್ದೂ ಸಿಗುತ್ತೆ, ಅಗ್ಗ. ಮೊದಲು ಕೈ ಪಳಗಲಿ."

ಮನೆಯ ಖರ್ಚು ಯೋಚಿಸುವಷ್ಟು ದೊಡ್ಡವಳಾದಳಲ್ಲ ಎಂದು ಹೆಮ್ಮೆಯಿಂದಲೇ ಕಟ್ಟಿದೆ.

ಭಾನುವಾರ ನಡುವಯಸ್ಸಿನ ಒಬ್ಬರನ್ನು ಕರೆತಂದಳು. "ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಪಕ್ಕದಲ್ಲಿದ್ರೆ ಧೈರ್ಯ." ಅವರಿಗೆ ಉಪ್ಪಿಟ್ಟು, ಕಾಫಿ ಕೊಟ್ಟೆ. ಹೊರಡುವ ಮೊದಲು ಅವರು ಬಾನೆಟ್ ಎತ್ತಿ ನೋಡಿದರು, ಟಯರ್ ಒತ್ತಿ ನೋಡಿದರು. ಎಷ್ಟು ಜಾಗ್ರತೆಯ ಮನುಷ್ಯ ಅಂದುಕೊಂಡು ಹಿಂದಿನ ಸೀಟಿನಲ್ಲಿ ಕೂತೆ.

ರಿಂಗ್ ರೋಡಿನಲ್ಲಿ ಅವಳು ಗೇರ್ ಬದಲಿಸುವಾಗ ಥೇಟ್ ಅವರಪ್ಪನೇ. ನನ್ನ ಕಣ್ಣು ತುಂಬಿತು.

"ಯಾಕಮ್ಮ ಅಳ್ತೀಯ?" ಕನ್ನಡಿಯಲ್ಲಿ ನೋಡಿ ಕೇಳಿದಳು.

"ಖುಷಿಗೆ ಕಣೇ."

ಅವಳು ಕನ್ನಡಿಯಿಂದ ಕಣ್ಣು ತೆಗೆದು ರಸ್ತೆ ನೋಡಿದಳು.

ಮನೆ ಮುಂದೆ ಇಳಿದು ಮೇಷ್ಟ್ರಿಗೆ ಕೈ ಮುಗಿದೆ. "ದೊಡ್ಡ ಉಪಕಾರ ಆಯ್ತು. ನಾಳೆನೂ ಬರ್ತೀರಲ್ಲ?"

"ನಾಳೆ ಯಾಕಮ್ಮ?" ಅವರು ನಕ್ಕರು. "ಗಾಡಿ ಒಪ್ಪಿಗೆ ಆಯ್ತು, ಅಡ್ವಾನ್ಸ್ ಮಗಳಿಗೆ ಮೊದಲೇ ಕೊಟ್ಟಿದ್ದೀನಿ. ಇನ್ನೊಂದು ಕೀ ನಿಮ್ಮ ಹತ್ರ ಇದೆಯಂತಲ್ಲ, ಕೊಡಿ, ಈಗಲೇ ತಗೊಂಡು ಹೋಗ್ತೀನಿ."